ಪೂರ್ವದ ಗೋಡೆ

ಮೂರನೇ ಸಲವೂ ನೆಲಿದಾ ಕೆಳಗಿಳಿಯುವಷ್ಟರಲ್ಲಿ ಪೂರ್ವದ ಗೋಡೆಗೆ ಕಾಂಕ್ರೀಟು ಬಳಿದಾಗಿತ್ತು. ಉಳಿದ ಮೂರು ಕಡೆ ಕಲ್ಲು ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಅವಳಿಗೆ ಮೈಯೆಲ್ಲ ಉರಿಯಿತು.

ಪಾಸ್ಕೊ ಬೆಟ್ಟದ ಹೊಟ್ಟೆಯೊಳಗೆ ಆರುನೂರು ಮೀಟರ್ ಇಳಿದಿದ್ದ ಗಣಿಬಾವಿ ಅದು. ಪ್ರತಿ ಸಲ ಮದ್ದು ಸಿಡಿಸಿ ಕಲ್ಲು ಮೇಲೆತ್ತಿದ ಮೇಲೆ, ಭೂವಿಜ್ಞಾನಿ ನೆಲಿದಾ ಗೋಡೆ ನೋಡಿ ಒಂದರಿಂದ ಐದರವರೆಗೆ ಅಂಕ ಕೊಡಬೇಕು. ಒಂದಾದರೆ ಗಟ್ಟಿ. ನಾಲ್ಕಾದರೆ ಗೋಡೆ ಕುಸಿಯದ ಹಾಗೆ ಸುತ್ತಲೂ ಉಕ್ಕಿನ ಬಳೆ ಕೂರಿಸಬೇಕು, ಮೂರು ದಿನ ಕೆಲಸ ನಿಲ್ಲುತ್ತದೆ. ಈ ಬೆಟ್ಟವನ್ನಂತೂ ನಂಬುವ ಹಾಗಿಲ್ಲ, ನಿನ್ನೆ ಕಬ್ಬಿಣ, ಇವತ್ತು ಹಿಟ್ಟು. ಮೇಲಿಂದ ಓರೆಯಾಗಿ ಇಳಿದ ಜೇಡಿಯ ಪದರ ಅವಳ ಅಂದಾಜಿನಲ್ಲಿ ಈಗ ಪೂರ್ವಕ್ಕೇ ಬಂದಿರಬೇಕಿತ್ತು. ಅದರಡಿಯಲ್ಲಿ ಏಳು ಜನ ನಿಂತು ದುಡಿಯುತ್ತಿದ್ದರು.

ನಾನು ನೋಡುವ ಮೊದಲೇ ಯಾಕೆ ಬಳಿದಿರಿ ಅಂತ ಕೇಳಿದರೆ ಮೇಲ್ವಿಚಾರಕ ರೋಮುಲೊನದು ಒಂದೇ ಉತ್ತರ: ತೆಯೊದೋಸಿಯೊ ಮೇಸ್ತ್ರಿ ಸಲಾಕೆಯಲ್ಲಿ ಬಡಿದು ಗಟ್ಟಿ ಅಂದಿದ್ದಾರೆ, ಇನ್ನೇನು ಬೇಕು? ನಲವತ್ತು ವರ್ಷ ಕಲ್ಲಿನ ಸದ್ದು ಕೇಳಿದ ಮುದುಕನ ಮಾತೆಂದರೆ ಅಲ್ಲಿ ಎದುರು ಮಾತಿಲ್ಲ. ನೆಲಿದಾಗೆ ಮಾತ್ರ ಅನುಮಾನ ಹೋಗಲಿಲ್ಲ. ಮೂರು ದಿನ ಉಳಿಸಲು ಇವನು ಮುದುಕನನ್ನು ಮುಂದಿಟ್ಟು ಏನೋ ಮುಚ್ಚುತ್ತಿದ್ದಾನೆ. ರೋಮುಲೊ ಮರ್ಯಾದೆಗೆಂದು ಮುಂದೆ ಹಿಡಿದ, ಗಣಿಯವರು ಜಗಿಯುವ ಕೋಕಾ ಎಲೆಯ ಚೀಲವೂ ಅವಳಿಗೆ ಲಂಚದ ಹಾಗೆ ಕಂಡಿತು.

ಮರುದಿನ ಹೇಳದೆ ಕೇಳದೆ ರೋಮುಲೊ, ಮುದುಕರ ಜೊತೆಗೇ ಆಳು ಇಳಿಸುವ ಮೊದಲ ತೊಟ್ಟಿಯಲ್ಲಿ ಇಳಿದಳು. ರೋಮುಲೊನ ಮುಖ ಹುಳ್ಳಗಾಯಿತು.

ರಾತ್ರಿ ಮದ್ದು ಸಿಡಿಸಿ ಹೊಸದಾಗಿ ತೆರೆದಿದ್ದ ಪೂರ್ವದ ಗೋಡೆಗೆ ಮುದುಕ ಸಲಾಕೆ ಬಡಿದ. ಒಡಕು ಮಡಕೆಯ ಸದ್ದು. ಅವನು ತಿರುಗಿ ರೋಮುಲೊನತ್ತ ನೋಡಿದ. ಅಷ್ಟರಲ್ಲಿ ರೋಮುಲೊ ಏನೂ ಆಗದವನಂತೆ ಮುಖ ಮಾಡಿಕೊಂಡಿದ್ದ.

"ಗಟ್ಟಿ," ಅಂದ ಮುದುಕ.

ನೆಲಿದಾ ಮುದುಕನ ಬೆನ್ನ ಹಿಂದೆ ನಿಂತು ಅವನ ಹೆಸರು ಕೂಗಿದಳು. ಅವನು ತಿರುಗಲಿಲ್ಲ. ಅವಳು ರೋಮುಲೊನ ತೋಳು ಹಿಡಿದು ಪಕ್ಕಕ್ಕೆಳೆದಳು.

"ಇವರಿಗೆ ಕಿವಿ ಕೇಳಲ್ಲ. ನಿನಗಿದು ಗೊತ್ತು."

"ಮೆಲ್ಲಗೆ ಇಂಜಿನಿಯರಮ್ಮ," ಅಂದ ಅವನು. "ಡ್ರಿಲ್ಲು ಹಿಡಿದೂ ಹಿಡಿದೂ ಕಿವಿ ಹೋಯ್ತು. ನನಗೆ ಕೆಲಸ ಕಲಿಸಿದೋರು. ಇಷ್ಟು ಜನರ ಮುಂದೆ ಅವರ ಮಾನ ಹೇಗೆ ಕಳೀಲಿ? ಟೊಳ್ಳು ಕೇಳಿಸಿದ ಕಡೆ ನಾನೇ ಎರಡು ಪಟ್ಟು ದಪ್ಪ ಬಳಿಸ್ತೀನಿ."

"ಬಳಿದ ಕಾಂಕ್ರೀಟು ಬೆಟ್ಟ ಹೊರುತ್ತಾ?"

ನೆಲಿದಾ ಪುಸ್ತಕದಲ್ಲಿ ದೊಡ್ಡದಾಗಿ ನಾಲ್ಕು ಅಂತ ಬರೆದು ಮುದುಕನಿಗೆ ತೋರಿಸಿದಳು. ಅವಳಿಗೆ ಸಂಕಟವಾಯಿತು, ಆದರೂ ತೋರಿಸಿದಳು. ಮುದುಕ ಅದನ್ನು ನೋಡಿ, ಸಲಾಕೆಯನ್ನು ರೋಮುಲೊನ ಕೈಗೆ ಕೊಟ್ಟ.

"ಆರು ತಿಂಗಳಿಂದ ನಿನ್ನ ಮುಖ ನೋಡಿಯೇ ಕಣೋ ನಾನು ಹೇಳ್ತಿದ್ದಿದ್ದು," ಅಂದ. "ಟೊಳ್ಳಾಗಿದ್ರೆ ನೀನು ಹೆದರ್ತೀಯ ಅಂತ ನಂಬಿದ್ದೆ."

ರೋಮುಲೊ ಎಲ್ಲರನ್ನೂ ತೊಟ್ಟಿ ಹತ್ತಿಸಿದ. ಮೇಲೆ ಹೋಗುವ ದಾರಿಯಲ್ಲಿ, ಹಾಗೆ ಗಟ್ಟಿ ಅನ್ನಿಸಿಕೊಂಡು, ಅವಳು ನೋಡುವ ಮೊದಲೇ ಕಾಂಕ್ರೀಟು ಬಳಿಸಿಕೊಂಡಿದ್ದ ಮೂರು ಸುತ್ತು ಗೋಡೆ ದಾಟಬೇಕಿತ್ತು. ದಾಟುವವರೆಗೂ ಎಲ್ಲರ ಕಣ್ಣು ಪೂರ್ವದ ಕಡೆಗೇ ನೆಟ್ಟಿತ್ತು.