ಯೂರಿಯಾ ಎಳೆದ ಗೆರೆಗಳು

ಡ್ರಿಲ್ ಮೇಷ್ಟ್ರು ಒಳ್ಳೆಯವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ರಿಟೈರ್ ಆದ ಮೇಲೂ ಅವರ ತಲೆಯಿಂದ ಆಟದ ಮೈದಾನ ಇಳಿದಿರಲಿಲ್ಲ. ಅವರ ಹೆಂಡತಿ ಟೈಲರಮ್ಮನಿಗೆ ಇದು ಗೊತ್ತಿದ್ದೂ ಕೆಲಸ ಒಪ್ಪಿಸಿದರಲ್ಲ, ಏನು ಹೇಳೋಣ!

ಮಗಳು ಮೆಚ್ಚಿದ ಹುಡುಗನ ತಾಯಿ ಮೊದಲ ಸಲ ಮನೆಗೆ ಬರುವವರಿದ್ದರು. ಬ್ಯಾಂಕ್ ಮ್ಯಾನೇಜರಮ್ಮ, ನಗುವುದೇ ಅಪರೂಪವಂತೆ. ಆಕೆ ಹೂಂ ಅಂದರೆ ಮದುವೆ, ಉಹೂಂ ಅಂದರೆ ಮಗಳ ಕಣ್ಣೀರು. ಮನೆ ಮುಂದಿನ ಹುಲ್ಲುಹಾಸು ನೋಡಿದರೆ ಕಾಮಾಲೆ ಬಂದ ಹಾಗೆ ಹಳದಿ.

"ರೀ, ಏನಾದ್ರೂ ಮಾಡ್ರೀ."

"ಸಾರಜನಕ ಸಾಲ್ದು, ಅಷ್ಟೇ. ಯೂರಿಯಾ ಬಿದ್ರೆ ಎರಡೇ ವಾರದಲ್ಲಿ ಹಚ್ಚ ಹಸಿರು!"

ಮರಳು ಬೆರೆಸಿ, ಕೈಯಿಂದ ಎಲ್ಲ ಕಡೆ ಸಮನಾಗಿ ಎರಚಿ ನೀರು ಬಿಡಿ ಎಂದಿದ್ದ ಗೊಬ್ಬರದಂಗಡಿಯವನು. ಆಟದ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವ ಗಾಡಿ ಶೆಡ್ಡಿನಲ್ಲಿರುವಾಗ ಕೈಯಿಂದ ಯಾಕೆ? ಮೇಷ್ಟ್ರು ಅದಕ್ಕೇ ಯೂರಿಯಾ ತುಂಬಿ, ಈ ತುದಿಯಿಂದ ಆ ತುದಿಗೆ ಠೀವಿಯಿಂದ ತಳ್ಳಿದರು.

ಗೊಬ್ಬರ ಬಿದ್ದಲ್ಲಿ ಮಾತ್ರ ಹುಲ್ಲು ಕಡುಹಸಿರಾಗಿ ಎದ್ದಿತು. ಉಳಿದದ್ದು ಹಳದಿಯೇ. ಅಂಗಳದ ತುಂಬ ಉದ್ದುದ್ದ ಗೆರೆ!

"ಓಟದ ಟ್ರ್ಯಾಕ್ ಮಾಡಿಟ್ರಲ್ರೀ! ಅವರಿಗೆ ಯಾವ ಮುಖ ತೋರಿಸ್ಲಿ?"

"ಒಂದಾದ್ರೂ ಸೊಟ್ಟಗಿದ್ಯಾ ಹೇಳು" ಎಂದರು ಮೇಷ್ಟ್ರು, ಮೆಲ್ಲಗೆ.

ಮ್ಯಾನೇಜರಮ್ಮ ಬಂದೇ ಬಿಟ್ಟರು. ಗೇಟಿನಲ್ಲೇ ನಿಂತು ಅಂಗಳವನ್ನು ದಿಟ್ಟಿಸಿದರು. ಮಗಳ ಮುಖ ಬಿಳಿಚಿಕೊಂಡಿತು.

"ಯಾರು ಮಾಡಿದ್ದು ಇದು?"

ಮೇಷ್ಟ್ರು ತಲೆ ತಗ್ಗಿಸಿದರು. ಎರಡು ದಿನದಿಂದ ಅವರನ್ನು ಬೈದು ಬೈದು ಸುಸ್ತಾಗಿದ್ದ ಟೈಲರಮ್ಮ ಸೆರಗು ಸಿಕ್ಕಿಸಿ ಮುಂದೆ ಬಂದರು. ತಾನು ಬೈಯುವುದು ಬೇರೆ. ಹೊರಗಿನವರು ಅಂದರೆ ಸುಮ್ಮನಿರುವುದುಂಟೇ?

"ನಾವಿಬ್ರೂ ಸೇರ್ಕೊಂಡು ಮಾಡಿದ್ದು. ಏನೀಗ?" ಎಂದುಬಿಟ್ಟರು.

ಮ್ಯಾನೇಜರಮ್ಮ ಚಪ್ಪಲಿ ಬಿಟ್ಟರು. ಕೈಚೀಲವನ್ನು ಹುಡುಗಿಯ ಕೈಗೆ ತುರುಕಿದರು.

"ಕಾಲೇಜಲ್ಲಿ ನನ್ನ ಮುಂದೆ ಯಾರೂ ಓಡ್ತಿರಲಿಲ್ಲ ಕಣ್ರೀ. ಆಮೇಲೆ ಕುರ್ಚಿಗೆ ಅಂಟ್ಕೊಂಡಿದ್ದೇ ಆಯ್ತು. ಬನ್ನಿ, ಒಂದು ಕೈ ನೋಡೇ ಬಿಡೋಣ!"

"ಅಯ್ಯೋ, ನಾನಾ? ನನ್ನ ಮಂಡಿ..."

ಅಷ್ಟರಲ್ಲಿ ಮೇಷ್ಟ್ರು "ರೆಡಿ!" ಎಂದು ಕೂಗಿಯಾಗಿತ್ತು. ಹುಟ್ಟಿದಾರಭ್ಯ ಓಡದ ಟೈಲರಮ್ಮ ಮಂಡಿ ಮರೆತು ಓಡಿದರು. ಎದುರು ಮನೆಯವರು ನೋಡಿದರು, ನೋಡಲಿ ಬಿಡಿ! ಇಬ್ಬರೂ ಕಾಂಪೌಂಡಿಗೆ ಹೋಗಿ ಡಿಕ್ಕಿ ಹೊಡೆದು, ಒಬ್ಬರನ್ನೊಬ್ಬರು ಹಿಡಿದುಕೊಂಡು ಬಿದ್ದು ಬಿದ್ದು ನಕ್ಕರು.

"ಬೀಗ್ತಿಯವರೇ," ಎಂದರು ಮ್ಯಾನೇಜರಮ್ಮ ಏದುಸಿರಿನಲ್ಲಿ, "ಮದ್ವೆ ಯಾವಾಗ ಇಟ್ಕೊಳ್ಳೋಣ?"

ಟೈಲರಮ್ಮ ಮಂಡಿ ಹಿಡಿದುಕೊಂಡೇ ಪಂಚಾಂಗ ತರಲು ಒಳಗೆ ಓಡಿದರು.