ಕಾಂಪೌಂಡು ದಾಟಿದ ದಾಸವಾಳ

ನಾಣಿಯವರನ್ನು ಅಲ್ಲಿಯವರೆಗೆ ಯಾರೂ ಹೂಗಳ್ಳ ಎಂದು ಕರೆದಿರಲಿಲ್ಲ. ಹಾಗೆ ಕರೆಯಬೇಕಾದವರೆಲ್ಲ ಬೆಳಗಿನ ಐದೂವರೆಗೆ ಹೊದ್ದು ಮಲಗಿರುತ್ತಿದ್ದರು, ಅಷ್ಟೇ.

ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದ ಈ ಮಹಾಶಯರು ದಿನಾ ಹಲಸೂರು ಕೆರೆಯ ಕಡೆಗೆ ವಾಕಿಂಗ್ ಹೋಗುತ್ತಿದ್ದರು. ತಲೆಗೆ ಮಂಕಿ ಕ್ಯಾಪು, ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಇನ್ನೊಂದು ಕೈಯಲ್ಲಿ ಕೊಕ್ಕೆ ಕೋಲು. ಕೊಕ್ಕೆ ಎಂದರೆ ಅಂತಿಂಥ ಕೊಕ್ಕೆಯಲ್ಲ, ಕಾರ್ಖಾನೆಯಲ್ಲೇ ಅಳತೆ ಹಿಡಿದು ಬಗ್ಗಿಸಿದ್ದು. ಕವರು ತುಂಬ ಬರುತ್ತಿದ್ದ ಹೂವೆಲ್ಲ ಕೆರೆ ಏರಿಯ ಗಿಡಗಳದ್ದು ಎಂದು ಹೆಂಡತಿ ಅಂಬುಜಾ ನಂಬಿದ್ದರು. ಪಾಪ, ಅವರು ಕೆರೆ ಏರಿಯನ್ನು ನೋಡಿ ಎಷ್ಟು ವರ್ಷವಾಗಿತ್ತೋ.

ನಾಣಿಯವರಿಗೂ ಒಂದು ನ್ಯಾಯವಿತ್ತು, ಇರಲಿಲ್ಲ ಎನ್ನಬೇಡಿ. ಕಾಂಪೌಂಡಿನ ಒಳಗಿರುವ ಹೂ ಮನೆಯವರದ್ದು, ಹೊರಗೆ ಬಗ್ಗಿದ ಹೂ ದೇವರದ್ದು. ಒಳಗಿರುವುದನ್ನು ಕೊಕ್ಕೆ ಹಾಕಿ ಎಳೆದರೆ? ಆಗ ಅದೂ ಹೊರಗೆ ಬಗ್ಗಿದ ಹೂವೇ ಆಯಿತಲ್ಲ!

ಈ ನ್ಯಾಯಕ್ಕೆ ಹೆಚ್ಚು ಬಲಿಯಾದದ್ದು ಪಕ್ಕದ ಬೀದಿಯ ಆಂಜನಮ್ಮನ ಕೆಂಪು ದಾಸವಾಳ. ಆಂಜನಮ್ಮ ಎಂಬತ್ತು ದಾಟಿದ ಮುದುಕಿ, ಹಲಸೂರು ಇನ್ನೂ ಹಳ್ಳಿಯಾಗಿದ್ದ ಕಾಲದ ಮನೆತನದವರು. ಇಪ್ಪತ್ತು ವರ್ಷ ನಾಣಿಯವರು ಆ ಗಿಡದಲ್ಲಿ ಮೊಗ್ಗನ್ನೂ ಬಿಡಲಿಲ್ಲ. ಮನೆಗೆ ತಂದು ನೀರಲ್ಲಿಟ್ಟರೆ ಪೂಜೆ ಹೊತ್ತಿಗೆ ಅರಳುತ್ತದೆ ಎಂಬುದು ಅವರ ಸಂಶೋಧನೆ.

ಕಳೆದ ವರ್ಷ ಆಷಾಢದಲ್ಲಿ ಆಂಜನಮ್ಮನ ಎದುರು ಮನೆಗೆ ಭಾರ್ಗವ್ ಎಂಬ ಹುಡುಗ ಬಾಡಿಗೆಗೆ ಬಂದು, ಬಂದ ವಾರವೇ ಬಾಗಿಲಿಗೆ ಕ್ಯಾಮೆರಾ ಹಾಕಿಸಿದ. ಆಮೇಲೆ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೋ ಬಿಟ್ಟ: ‘ಈ ಹೂಗಳ್ಳ ಯಾರು, ಯಾರಿಗಾದ್ರೂ ಗೊತ್ತಾ?’ ಮಬ್ಬುಗತ್ತಲು, ಮಂಕಿ ಕ್ಯಾಪು. ದೇವರಾಣೆ, ಯಾರಿಗೂ ಗುರುತು ಹತ್ತಿರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾಣಿಯವರು ಎರಡೇ ನಿಮಿಷದಲ್ಲಿ ಹದಿನೆಂಟು ಸಾಲಿನ ಉತ್ತರ ಬರೆದರು: ‘ದೇವರಿಗೆಂದು ಕಿತ್ತರೆ ಅದು ಕಳ್ಳತನವಲ್ಲ. ಹಾಗೂ ಆ ಕೊಂಬೆ ಹೊರಗೆ ಬಗ್ಗಿತ್ತು.’ ಮಾನ ಮೂರು ಕಾಸಿಗೆ ಹರಾಜಾಯಿತು.

ಗ್ರೂಪಿನವರು ನಕ್ಕು ಮರೆತರು. ಅಂಬುಜಾ ಮರೆಯಲಿಲ್ಲ. ಅವರೂ ಅದೇ ಗ್ರೂಪಿನಲ್ಲಿದ್ದರು.

“ಇಪ್ಪತ್ತು ವರ್ಷ ದೇವರ ತಲೆ ಮೇಲೆ ಕದ್ದ ಮಾಲು ಇಟ್ಟಿದ್ದೀನಲ್ರೀ!” ಎಂದು ದೇವರ ಮನೆಯ ಹೊಸಿಲಲ್ಲೇ ಕೂತು ಅತ್ತುಬಿಟ್ಟರು. ಕಣ್ಣೊರೆಸಿಕೊಂಡು ಎದ್ದಾಗ ತೀರ್ಪು ತಯಾರಿತ್ತು. “ನಿಮ್ಮ ಕೈಯಾರೆ ನೆಟ್ಟು ಬೆಳೆಸಿದ ಹೂ ಬರೋವರ್ಗೂ ನನ್ನ ದೇವರಿಗೆ ಹೂವಿಲ್ಲ, ನನ್ನ ಮುಡಿಗೂ ಇಲ್ಲ. ಅಂಗಡಿಯಿಂದ ತಂದ್ರೂ ಬೇಡ. ಮೊದ್ಲು ಆ ಕೊಕ್ಕೆ ತಗೊಂಡ್ಹೋಗಿ ಆಂಜನಮ್ಮನೋರಿಗೆ ಕೊಟ್ಟು, ತಪ್ಪಾಯ್ತು ಅಂತ ಹೇಳ್ಬಿಟ್ಟು ಬನ್ನಿ.”

ನಾಣಿಯವರು ಹೋದರು. ಕೊಕ್ಕೆಯನ್ನೂ ಕೊಟ್ಟರು. ‘ತಪ್ಪಾಯ್ತು’ ಎಂಬುದು ಮಾತ್ರ ಹೊರಡಲಿಲ್ಲ. ಮೂವತ್ತನಾಲ್ಕು ವರ್ಷ ಬೇರೆಯವರ ತಪ್ಪು ಹುಡುಕಿದ ಬಾಯಿಗೆ ಆ ಮಾತಿನ ಅಭ್ಯಾಸವಿರಲಿಲ್ಲ. ಸುಮ್ಮನೆ ನಿಲ್ಲಲಾಗದೆ, “ಅಮ್ಮಾ, ಜಾತಿ ಚೆನ್ನಾಗಿದೆ. ಒಂದು ಕಡ್ಡಿ ಕೊಡ್ತೀರಾ?” ಎಂದು ಕೇಳಿಬಿಟ್ಟರು. ಕ್ಷಮೆ ಕೇಳಲು ಹೋದವರು ಕಡ್ಡಿ ಕೇಳಿ ಬಂದರು, ನೋಡಿ ಹೇಗಿದೆ!

ಆಂಜನಮ್ಮ ಅವರ ಮುಖವನ್ನೇ ಒಂದು ಗಳಿಗೆ ನೋಡಿ, ಒಳ್ಳೆ ಬಲಿತ ಕಡ್ಡಿಯೊಂದನ್ನು ಮುರಿದುಕೊಟ್ಟರು. “ನೆಟ್ಟು ಮರ್ತ್ಬಿಡಪ್ಪಾ. ಅದ್ರ ಪಾಡಿಗೆ ಅದು ಬತ್ತೈತೆ.”

ಆದರೆ ಪುಕ್ಕಟೆ ಕಡ್ಡಿಯ ಮೇಲೆ ನಾಣಿಯವರಿಗೆ ಯಾವ ನಂಬಿಕೆಯೂ ಇರಲಿಲ್ಲ. ಗೇಟಿನ ಮೂಲೆಯಲ್ಲಿ ಅದನ್ನು ಚುಚ್ಚಿ, ಮಾರತ್ತಹಳ್ಳಿ ದಾರಿಯ ನರ್ಸರಿಗೆ ಹೋದರು. ಒಂದು ಸಲ ನೆಟ್ಟರೆ ವರ್ಷಗಟ್ಟಲೆ ಹೂ ಬಿಡುವಂಥವೇ ಬೇಕು ಎಂದು ಹಟ ಹಿಡಿದು, ನರ್ಸರಿಯ ಮಂಜೂರ್‌ನಿಂದ ನಂದಿಬಟ್ಟಲು, ಕಣಗಿಲೆ, ದುಂಡು ಮಲ್ಲಿಗೆ, ಕನಕಾಂಬರ ಎಂದು ಒಂಬತ್ತು ಗಿಡ ತಂದರು. ಒಂದೊಂದಕ್ಕೂ ನಂಬರಿನ ತಗಡು ಕಟ್ಟಿದರು. ಒಂದು ರಿಜಿಸ್ಟರು ತೆರೆದರು. ದಾಸವಾಳದ ಕಡ್ಡಿ ಬಿಲ್ಲಿಲ್ಲದೆ ಬಂದ ಮಾಲಾದ್ದರಿಂದ ರಿಜಿಸ್ಟರಿಗೆ ಏರಲಿಲ್ಲ.

ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇನ್‌ಸ್ಪೆಕ್ಷನ್. ಒಂದೊಂದು ಗಿಡವನ್ನೂ ಬುಡಸಮೇತ ಮೇಲೆತ್ತಿ, ಬೇರಿನ ಮಣ್ಣು ಕೊಡವಿ, ಸ್ಕೇಲಿಟ್ಟು ಅಳೆದು, ಬರೆದುಕೊಂಡು, ಮತ್ತೆ ಹೂಳುವುದು. ಮೂರನೆಯ ವಾರ ಎರಡನೇ ನಂಬರು ಒಣಗಿತು. ಅದರ ಮುಂದೆ ಕೆಂಪು ಇಂಕಿನಲ್ಲಿ ‘ತಿರಸ್ಕೃತ’ ಎಂದು ಬರೆದರು. ಆರನೆಯ ವಾರಕ್ಕೆ ಕೆಂಪು ಇಂಕು ಐದು ಕಡೆ ಇತ್ತು. ಒಂಬತ್ತೂ ಹೋದ ಮೇಲೆ ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಜಗಳಕ್ಕೇ ಹೊರಟರು.

ಮಂಜೂರ್ ರಿಜಿಸ್ಟರನ್ನು ತಿರುವಿ ಹಾಕಿದ. ಒಮ್ಮೆ ನಾಣಿಯವರನ್ನು, ಒಮ್ಮೆ ರಿಜಿಸ್ಟರನ್ನು ನೋಡಿದ. “ಅರೆ ಸಾರ್, ವರ್ಷ ವರ್ಷ ಬಿಡೋ ಗಿಡ ಬೇಕು ಅಂತೀರಾ, ವಾರ ವಾರ ಕಿತ್ತು ನೋಡ್ತೀರಾ! ನಿಮ್ಮನ್ನ ಹಿಂಗೆ ದಿನಾ ಹಾಸಿಗೆಯಿಂದ ಎಳ್ದು ಉದ್ದ ಅಳತೆ ಮಾಡಿದ್ರೆ ನೀವು ಬದುಕ್ತಿದ್ರಾ?”

“ಮತ್ತೆ ಬೇರು ಬಿಟ್ಟಿದ್ಯೋ ಇಲ್ವೋ ಗೊತ್ತಾಗೋದು ಹೇಗಯ್ಯಾ?”

“ಗೊತ್ತಾಗಬಾರ್ದು ಸಾರ್. ನಂಬ್ಕೊಂಡು ಸುಮ್ನಿರ್ಬೇಕು.”

ನಂಬಿಕೊಂಡು ಸುಮ್ಮನಿರುವುದು ನಾಣಿಯವರ ಇಲಾಖೆಯಲ್ಲೇ ಇರಲಿಲ್ಲ. ಮುನಿಸಿಕೊಂಡು ಮನೆಗೆ ಬಂದು, ತೋಟದ ಕಡೆ ಮುಖವನ್ನೇ ಹಾಕಲಿಲ್ಲ.

ಅಷ್ಟರಲ್ಲಿ ಅಂಬುಜಾ ಹೂವಿಲ್ಲದ ಪೂಜೆ ಶುರು ಮಾಡಿ ತಿಂಗಳುಗಳಾಗಿದ್ದವು. ಬರೀ ಅಕ್ಷತೆ, ಬರೀ ಗಂಧ. ಮಾಘದಲ್ಲಿ ನೆಂಟರ ಮದುವೆಗೆ ಹೋದಾಗ ಹೂವಿನ ತಟ್ಟೆ ಮುಂದೆ ಬಂದರೆ ಅಂಬುಜಾ ಕೈಮುಗಿದು ಬೇಡವೆಂದರು. ಹೆಂಗಸರೆಲ್ಲ ನಾಣಿಯವರ ಕಡೆ ತಿರುಗಿ ನೋಡಿದರು. ಗಂಡ ಗುಂಡುಕಲ್ಲಿನ ಹಾಗೆ ಎದುರಿಗೇ ಕೂತಿರುವಾಗ ಮುತ್ತೈದೆಯ ತಲೆ ಬೋಳಾಗಿತ್ತು. ವಿಡಿಯೋ ಬಂದ ದಿನವೂ ಆಗದಷ್ಟು ಅವಮಾನ ನಾಣಿಯವರಿಗೆ ಅಂದು ಆಯಿತು.

ಬೇಸಿಗೆ ಕಳೆದು ಎರಡು ಮಳೆ ಬಿದ್ದ ಮೇಲೆ ಒಂದು ದಿನ, ಎಂದಿನಂತೆ ತೋಟದ ಕಡೆಯಿಂದ ಮುಖ ತಿರುಗಿಸಿಕೊಂಡೇ ಗೇಟು ತೆಗೆಯಲು ಹೋದರೆ ಏನೋ ಮೊಣಕೈಗೆ ತಾಕಿತು. ರಿಜಿಸ್ಟರಿನಲ್ಲಿಲ್ಲದ ಆ ಕಡ್ಡಿ ಎದೆಯೆತ್ತರ ಬೆಳೆದಿತ್ತು! ಒಂದು ಕೊಂಬೆ ಗೇಟಿನ ಸರಳುಗಳ ಸಂದಿಯಿಂದ ರಸ್ತೆಗೆ ತಲೆ ಹಾಕಿತ್ತು. ನಾಣಿಯವರ ಕೈ ಅಭ್ಯಾಸಬಲದಿಂದ ಬುಡಕ್ಕೆ ಹೋಯಿತು. ಹೋದ ಕೈಯನ್ನು ಅವರೇ ಇನ್ನೊಂದು ಕೈಯಿಂದ ಹಿಡಿದು ಹಿಂದಕ್ಕೆಳೆದುಕೊಂಡರು. ಅವರ ಜೀವಮಾನದಲ್ಲಿ ಪರೀಕ್ಷೆಯಿಲ್ಲದೆ ಪಾಸಾದ ಮೊದಲ ಮಾಲು ಅದು.

ಶ್ರಾವಣದ ಎರಡನೇ ಗುರುವಾರ ಆ ರಸ್ತೆಯ ಕಡೆಯ ಕೊಂಬೆಯಲ್ಲೇ ಒಂದು ಮೊಗ್ಗು ಕೆಂಪಗೆ ಉಬ್ಬಿತು. ನಾಳೆ ಶುಕ್ರವಾರ, ವರಮಹಾಲಕ್ಷ್ಮಿ. ಅಂಬುಜಾ ಬೆಳ್ಳಿ ತಟ್ಟೆಯನ್ನು ಎರಡು ಸಲ ತೊಳೆದಿಟ್ಟರು. ನಾಣಿಯವರು ಭಾರ್ಗವ್‌ನ ಮನೆಗೇ ಹೋದರು.

“ನೋಡಪ್ಪಾ, ಈ ಏರಿಯಾದಲ್ಲಿ ಹೂಗಳ್ಳರ ಕಾಟ ಜಾಸ್ತಿ. ನಮ್ಮ ಗೇಟಿಗೂ ಒಂದು ಕ್ಯಾಮೆರಾ ಹಾಕ್ಕೊಡು.”

ಹುಡುಗ ನಗು ತಡೆದುಕೊಂಡು ಸಂಜೆಗೇ ಹಾಕಿ, ತನ್ನ ಫೋನಿಗೇ ಜೋಡಿಸಿಕೊಟ್ಟ.

ಕ್ಯಾಮೆರಾ ಸಾಲದೆಂದು ಬೆಳಿಗ್ಗೆ ಐದಕ್ಕೇ ನಾಣಿಯವರು ಮಂಕಿ ಕ್ಯಾಪು ಹಾಕಿಕೊಂಡು ಗೇಟಿನೊಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾವಲು ಕೂತರು. ಐದೂವರೆಗೆ ಹೂ ಅರಳತೊಡಗಿತು. ಅದೇ ಹೊತ್ತಿಗೆ ರಸ್ತೆಯಲ್ಲಿ ಟಕ್ ಟಕ್ ಸದ್ದು. ಒಂದು ಕೊಕ್ಕೆ ಮುಂದೆ ಬಂದು ಕೊಂಬೆಗೆ ಸಿಕ್ಕಿಕೊಂಡಿತು. ಆ ಕೊಕ್ಕೆಯ ಬಾಗು ನಾಣಿಯವರಿಗೆ ಅಂಗೈ ಗೆರೆಯಷ್ಟು ಗೊತ್ತಿತ್ತು.

“ಯಾರ್ರೀ ಅದು!” ಎಂದು ಎದ್ದು ನಿಂತರು.

ಕೋಲೂರಿಕೊಂಡು ಬಂದಿದ್ದ ಆಂಜನಮ್ಮ ಹೆದರಲೂ ಇಲ್ಲ, ಅವಸರಪಡಲೂ ಇಲ್ಲ. “ಹೊರಕ್ ಬಗ್ಗೈತಲ್ಲಪ್ಪಾ. ಹೊರಗಿಂದು ದೇವರ್ದೂ ಅಂತ ನೀನೇ ಬರ್ದಿದ್ದೆಯಂತೆ. ಎದುರುಮನೆ ಹುಡ್ಗ ಓದಿ ಹೇಳ್ದ.”

“ಅಮ್ಮಾ, ಒಂದೇ ಒಂದು ಬಿಟ್ಟಿದೆ. ಇವತ್ತು ಹಬ್ಬ. ನಮ್ಮನೆ ದೇವರಿಗೆ ಅಂತ ವರ್ಷದಿಂದ ಕಾಯ್ತಿದ್ದೀನಿ!”

“ನಮ್ಮನೇಲೂ ದೇವ್ರೈತಪ್ಪಾ ನಾಣಿ,” ಎಂದರು ಆಂಜನಮ್ಮ. “ನಮ್ಮ ಎಲ್ಲಮ್ಮನಿಗೆ ಅಂತಾನೆ ನಮ್ಮೆಜಮಾನ್ರು ಆ ಗಿಡ ನೆಟ್ಟಿದ್ದು. ಇಪ್ಪತ್ತು ವರ್ಷದಿಂದ ಅವ್ಳು ಬೇವಿನ ಸೊಪ್ಪಲ್ಲೇ ಕಾಲ ತಳ್ತಾವ್ಳೆ. ನಾನು ಏಳೋಷ್ಟೊತ್ಗೆ ಒಂದು ಮೊಗ್ಗಾದ್ರೂ ಬಿಟ್ಟಿರ್ತಿದ್ದಾ ನೀನು?”

ಹೂ ಕಿತ್ತ ಅಷ್ಟೂ ಮನೆಗಳ ಕಾಂಪೌಂಡಿನ ಎತ್ತರ, ನಾಯಿಯ ಸ್ವಭಾವ, ಲೈಟು ಹಾಕುವ ಹೊತ್ತು ಎಲ್ಲ ಗೊತ್ತಿದ್ದ ಮನುಷ್ಯನಿಗೆ, ಅಲ್ಲೆಲ್ಲ ಒಂದೊಂದು ದೇವರೂ ಇರಬಹುದು ಎಂಬುದು ಹೊಳೆದೇ ಇರಲಿಲ್ಲ. ನಾಣಿಯವರು ಗೇಟು ತೆಗೆದು, ತಾವೇ ಹೂವನ್ನು ತೊಟ್ಟಿನ ಸಮೇತ ಕಿತ್ತು ಆಂಜನಮ್ಮನ ಸೆರಗಿಗೆ ಹಾಕಿದರು.

ಹಿಂತಿರುಗಿದರೆ ಬಾಗಿಲಲ್ಲಿ ಅಂಬುಜಾ, ಕೈಯಲ್ಲಿ ಬೆಳ್ಳಿ ತಟ್ಟೆ. ತಟ್ಟೆ ಖಾಲಿಯಾಗಿಯೇ ಒಳಗೆ ಹೋಯಿತು.

ಏಳು ಗಂಟೆಗೆ ಗ್ರೂಪಿನಲ್ಲಿ ಭಾರ್ಗವ್‌ನ ವಿಡಿಯೋ ಬಂತು. ಅದರಲ್ಲಿ ಕೊಕ್ಕೆ ಕಾಣುತ್ತಿತ್ತು, ಮುದುಕಿಯ ನರೆತ ತಲೆ ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ‘ನಾಣಿ ಅಂಕಲ್, ನಿಮ್ಮ ಹೂಗಳ್ಳಿ ಸಿಕ್ಕಿಬಿದ್ರು! ಏನು ಮಾಡೋಣ?’ ಕೆಳಗೆ ಸಾಲು ಸಾಲಾಗಿ ನಗುವ ಮುಖಗಳು.

ನಾಣಿಯವರು ಕನ್ನಡಕ ಏರಿಸಿಕೊಂಡು ಒಂದೇ ಬೆರಳಲ್ಲಿ ಒತ್ತಿದರು. ಈ ಸಲ ಹದಿನೆಂಟು ಸಾಲು ಬೇಕಾಗಲಿಲ್ಲ. ‘ಅವರು ಕದ್ದಿಲ್ಲ. ವಾಪಸ್ ತಗೊಂಡರು. ಕಳ್ಳ ನಾನು. ತಪ್ಪಾಯ್ತು ಆಂಜನಮ್ಮನವರೇ.’

ಅಡುಗೆಮನೆಯಲ್ಲಿ ಅಂಬುಜಾರ ಫೋನು ಟಿಂಗ್ ಎಂದಿತು. ಒಗ್ಗರಣೆಯ ಒಲೆ ಆರಿಸಿದ ಸದ್ದಾಯಿತು. ಆಮೇಲೆ ಒಳಗಿನಿಂದಲೇ ಕೇಳಿದರು, “ರೀ, ಗಿಡದಲ್ಲಿ ಇನ್ನೂ ಮೊಗ್ಗಿದ್ಯಾ?”

“ಎರಡು ಸಣ್ಣವಿವೆ ಕಣೇ.”

“ಅವೆರಡೂ ಆಂಜನಮ್ಮನೋರಿಗೇ ಕೊಟ್ಬನ್ನಿ. ಆಮೇಲೆ ಬಿಟ್ಟಿದ್ದು ನಮ್ಮ ದೇವರಿಗೆ. ನಂದು ಅದಾದ್ಮೇಲೆ ನೋಡೋಣ.”

ನಾಣಿಯವರು ಗೇಟಿನ ಕಡೆ ನೋಡಿದರು. ಆಂಜನಮ್ಮನದಾದ ಮೇಲೆ ಹೂ ಹಿಂದಿರುಗಿಸಬೇಕಾದ ಮನೆಗಳು ಇನ್ನೆಷ್ಟಿವೆ ಎಂದು ಬೀದಿ ಬೀದಿಯಾಗಿ ನೆನಪಿಸಿಕೊಳ್ಳುತ್ತ ಹೋದರು. ವರ್ಷಗಟ್ಟಲೆ ಬಿಡುವ ಗಿಡವನ್ನೇ ನೆಟ್ಟದ್ದು ಒಳ್ಳೆಯದಾಯಿತು ಎಂದು ಅವರಿಗೆ ಆಗ ಅನ್ನಿಸಿತು.