ಹೊಳೆಗಟ್ಟಿ ವಾಡೆಯ ಬಡಗಿ

ಭಾಂಡುಪ್ ಗುಡ್ಡದ ಬುಡದಲ್ಲಿದ್ದ ಹೊಳೆಗಟ್ಟಿ ವಾಡೆಗೆ ಗೌಸ ಮೊದಲ ಸಲ ಕಾಲಿಟ್ಟಾಗ ಅವನಿಗೆ ಇಪ್ಪತ್ತೆರಡು. ಒಂದು ಕಿಟಕಿ ಸರಿಮಾಡಲು ಬಂದ ಬಡಗಿ, ಮುಂದೆ ಮೂವತ್ತೆಂಟು ವರ್ಷ ಆ ಮನೆಯ ಮರಗೆಲಸವನ್ನೆಲ್ಲ ತಾನೇ ನೋಡಿಕೊಂಡ.

ಕೃಷ್ಣಾ ತೀರದ ಹೊಳೆಗಟ್ಟಿ ದೇಸಾಯರು ಬ್ರಿಟಿಷರ ಕಾಲದಲ್ಲಿ, ಗವರ್ನರರ ದರ್ಬಾರಿಗೆಂದು ಶಹರಕ್ಕೆ ಬಂದಾಗ ಇಳಿದುಕೊಳ್ಳಲೆಂದು ಕಟ್ಟಿಸಿದ ಅರಮನೆ ಅದು. ಮುಂದೆ ವಿಲಾಯತಿ ಮಾದರಿಯ ಎಂಟು ದುಂಡು ಕಂಬ, ಒಳಗೆ ಪೂರಾ ಸಾಗವಾನಿ. ಒಂದು ಕಾಲಕ್ಕೆ ಪವಾಯಿ ಕೆರೆಯ ಕಡೆಗಿನ ಮಾವಿನ ತೋಪಿನವರೆಗೂ ಅವರದೇ ಜಮೀನು. ತೋಪು ಕಾರ್ಖಾನೆಗೆ ಹೋಯಿತು, ಕುದುರೆಲಾಯದ ಜಾಗದಲ್ಲಿ ಚಾಳು ಎದ್ದಿತು. ಕೊನೆಗೆ ಉಳಿದದ್ದು ವಾಡೆ, ಅದರ ಅಂಗಳ, ಮತ್ತು ಆ ಮನೆತನದ ಮದುವೆಯಾಗದ ಮಗಳು ಅಕ್ಕಾಸಾಹೇಬರು. ಗೌಸ ಕೆಲಸ ಮಾಡುವಾಗ ಅವರು ಮೆಟ್ಟಿಲ ಮೇಲೆ ಕೂತು ಅಜ್ಜನ ಕಾಲದ ಕಥೆ ಹೇಳುತ್ತಿದ್ದರು. ಊರ ಕಡೆಯ ಕನ್ನಡ ಆಡಲು ಅವರಿಗೆ ಬೇರೆ ಯಾರೂ ಉಳಿದಿರಲಿಲ್ಲ.

ಹೋದ ವರ್ಷ ಅವರ ತಮ್ಮನ ಮಗ ಅನಿಕೇತ್, ವಾಡೆ ಕೆಡವಿ ಟವರ್ ಕಟ್ಟಲೆಂದು ಬಿಲ್ಡರನೊಬ್ಬನನ್ನು ಕರೆತಂದ. ಅಕ್ಕಾಸಾಹೇಬರು ಜಗ್ಗಲಿಲ್ಲ. "ಗೌಸ ನೋಡಿ ಹೇಳ್ಲಿ. ಮನಿ ಬೀಳ್ತದ ಅಂದ್ರ ಸಹಿ ಮಾಡ್ತೀನಿ," ಅಂದುಬಿಟ್ಟರು.

ಅಂದು ಸಂಜೆ ಗೌಸನ ಮಗ ಅಬ್ರಾರ ಅವನ ಪಕ್ಕದಲ್ಲಿ ಬಂದು ಕೂತ. ಅವನೂ ಬಡಗಿಯೇ, ಎಂಟು ವರ್ಷದಿಂದ ಬೇರೆಯವರ ಕೈಕೆಳಗೆ ದುಡಿಯುತ್ತಿದ್ದ.

"ಅಬ್ಬಾ, ಅನಿಕೇತ್ ಸಾಹೇಬ್ರು ಮಾತು ಕೊಟ್ಟಾರ. ಹೊಸಾ ಟವರಿನ ಬಾಗಲಾ ಕಪಾಟಾ ಎಲ್ಲಾ ನಮಗ. ಲಕಡಿ ಸಡ್ ಗಯೀ, ಕೊಳತೈತಿ ಅಂತ ಒಂದು ಮಾತು ಬೋಲ್ ದೋ ನಾ."

"ಸುಳ್ಳು ಹೇಳಂತೀ ಏನು?"

"ಹಳೀ ಮನಿ, ಇವತ್ತಲ್ಲ ನಾಳೆ ಬೀಳೂದ. ಸುಳ್ಳು ಹೆಂಗಾಗ್ತೈತಿ?"

ಮರುದಿನ ಗೌಸ ಏಣಿ ಹತ್ತಿ ದಿವಾನಖಾನೆಯ ತೊಲೆಗೆ ಸುತ್ತಿಗೆಯಿಂದ ಬಡಿದ. ಟೊಳ್ಳಿಲ್ಲದ ಗಟ್ಟಿ ದನಿ ಬಂತು. ಇನ್ನೊಂದಕ್ಕೆ ಬಡಿದ. ಅದೂ ಹಾಗೇ. ಕೆಳಗೆ ಅಕ್ಕಾಸಾಹೇಬರು ಕತ್ತೆತ್ತಿ ನಿಂತಿದ್ದರು.

"ಹ್ಯಾಂಗದನೋ?"

"ಒಳಗೆಲ್ಲಾ ಹುಳ ತಿಂದಾವ್ರಿ, ಅಕ್ಕಾಸಾಹೇಬ್ರ," ಎಂದ, ತೊಲೆಯ ಕಡೆಗೇ ಮುಖ ಮಾಡಿಕೊಂಡು.

ಅವರು ಮತ್ತೊಮ್ಮೆ ಕೇಳಲಿಲ್ಲ. ಆ ವಾರವೇ ಸಹಿ ಮಾಡಿ ಪವಾಯಿಯ ಫ್ಲ್ಯಾಟಿಗೆ ಹೋದರು.

ಮಳೆಗಾಲ ಮುಗಿದ ಮೇಲೆ ವಾಡೆ ಕೆಡವಿದರು. ದುಂಡು ಕಂಬಗಳು ಅರ್ಧ ದಿನದಲ್ಲಿ ಪುಡಿಯಾದವು. ತೊಲೆಗಳು ಮಾತ್ರ ಅಲುಗಲಿಲ್ಲ, ಕ್ರೇನ್ ತರಿಸಬೇಕಾಯಿತು. ಕೊಯ್ದ ತುದಿ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. "ಚಾಚಾ, ಐಸಾ ಮಾಲ್ ಅಬ್ ಕಹಾಂ!" ಎಂದು ಹಳೆ ಮರದ ವ್ಯಾಪಾರಿ, ಇಂಥ ಮರ ಈಗೆಲ್ಲಿ ಸಿಕ್ಕೀತು ಎನ್ನುವಂತೆ ಅದನ್ನು ಸವರಿದ. ಗೌಸನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಮನೆಗೆ ಬಂದು ಹೆಂಡತಿ ಅಜೀಜಾಬಿಯ ಮುಂದೆ ಎಲ್ಲ ಹೇಳಿ ಅತ್ತ.

"ನನ್ನ ಮುಂದ ಅತ್ರ ಏನು ಬಂತು? ಅವರ ಮುಂದ ಹೋಗಿ ಹೇಳ್ರಿ," ಅಂದಳು ಅವಳು.

ಹದಿನಾಲ್ಕನೇ ಮಾಳಿಗೆಯ ಫ್ಲ್ಯಾಟಿನಲ್ಲಿ ಅಕ್ಕಾಸಾಹೇಬರು ಪೂರ್ತಿ ಕೇಳಿಸಿಕೊಂಡರು.

"ಒಂದು ತೊಲಿನೂ ಹುಳ ತಿಂದಿರಲಿಲ್ಲೇನು?"

"ಒಂದೂ ಇಲ್ರೀ."

"ಇನ್ನ ಎಷ್ಟು ವರ್ಷ ನಿಲ್ತಿತ್ತು?"

"ನಾವು ನೀವು ಹೋದ ಮ್ಯಾಲೂ ನಿಲ್ತಿತ್ರಿ."

"ಅನಿಕೇತನ್ನ ನಾ ನಂಬಿರಲಿಲ್ಲ, ಗೌಸ. ನಿನ್ನ ನಂಬಿದ್ದೆ."

ಕೆಲಸದ ಶೀತಲಳಿಗೆ ಚಹಾ ಕೊಡಲು ಹೇಳಿ ಅವರು ಒಳಕೋಣೆಗೆ ಹೋದರು. ಗೌಸ ಚಹಾ ಕುಡಿದು ಬಹಳ ಹೊತ್ತು ಕೂತ. ಕೋಣೆಯ ಬಾಗಿಲು ತೆರೆಯಲಿಲ್ಲ.

ಟವರಿನ ಕೆಲಸ ಅಬ್ರಾರನಿಗೇ ಸಿಕ್ಕಿತು. ಗೌಸ ಆ ಕಡೆ ತಲೆ ಹಾಕಲಿಲ್ಲ. ಈದ್ ದಿನ ಪ್ರತಿ ವರ್ಷದಂತೆ ಡಬ್ಬಿಯಲ್ಲಿ ಸುರಕುಂಬಾ ಪಾಯಸ ತುಂಬಿಸಿಕೊಂಡು ಪವಾಯಿಗೆ ಹೋದ. ಶೀತಲ ಬಾಗಿಲಲ್ಲೇ ಡಬ್ಬಿ ಇಸಿದುಕೊಂಡು, ಖಾಲಿ ಮಾಡಿ, ತೊಳೆದು ತಂದುಕೊಟ್ಟಳು.

"ಆಜಿ ಮಲಗಿದ್ದಾರೆ," ಅಂದಳು ಮರಾಠಿಯಲ್ಲಿ.

ಒಳಗೆ ಅಕ್ಕಾಸಾಹೇಬರು ಕೆಮ್ಮಿದ್ದು ಅವನಿಗೆ ಕೇಳಿಸಿತು. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಲಿಫ್ಟಿನ ಕಡೆ ನಡೆದ.